ಹತ್ತಿರದವರೇ ಕೇಳಿಸದ ನೆಟ್: 40 ಮೀಟರ್ ಬ್ಯಾಂಡ್‌ನ ಒಂದು ಪ್ರಕರಣ

ರೇಡಿಯೊ ನೆಟ್‌ನಲ್ಲಿ ಹಾಜರಿ ಹಾಕುವವರ (ಚೆಕ್-ಇನ್) ಸಂಖ್ಯೆ ಕಮ್ಮಿಯಾಗಿದ್ದರೆ ಈ ವಿಷಯ ಬಹಳ ಮೊದಲೇ ಗೊತ್ತಾಗುತ್ತಿತ್ತು. ಕಮ್ಮಿಯಾಗಲಿಲ್ಲ. ಭಾನುವಾರದ ನೆಟ್‌ಗೆ, ಅಂದರೆ ಹವ್ಯಾಸಿ ರೇಡಿಯೊದವರು (ಹ್ಯಾಮ್‌ಗಳು) ಗೊತ್ತಾದ ಹೊತ್ತಿಗೆ ಒಂದೇ ಫ್ರೀಕ್ವೆನ್ಸಿಯಲ್ಲಿ ಸೇರುವ ಕೂಟಕ್ಕೆ, ಹಿಂದಿನಷ್ಟೇ ಜನ ಬರುತ್ತಿದ್ದರು. ಕಾರ್ಯದರ್ಶಿಗಳ ವರದಿಯಲ್ಲಿ "ನೆಟ್ ಯಶಸ್ವಿಯಾಗಿ ನಡೆಯಿತು" ಅನ್ನುವ ಸಾಲು ತಪ್ಪದೆ ಇರುತ್ತಿತ್ತು. ಆದರೆ ನೆಟ್ ಯಾರಿಗಾಗಿ ಶುರುವಾಗಿತ್ತೋ ಅವರೇ ಅದರಲ್ಲಿ ಇರಲಿಲ್ಲ.

ಕ್ಲಬ್ಬಿನ ಹೆಸರು ಇಲ್ಲಿ ಬೇಡ. 7 ಮೆಗಾಹರ್ಟ್ಸ್‌ನಲ್ಲಿ, ಅಂದರೆ 40 ಮೀಟರ್ ಬ್ಯಾಂಡ್‌ನಲ್ಲಿ, ಬೆಳಗಿನ ನೆಟ್ ನಡೆಸುವ ಯಾವ ಹ್ಯಾಮ್ ಕ್ಲಬ್ಬಿಗೂ ಈ ತೊಂದರೆ ಬರಬಹುದು. ನಾನು ಅಲ್ಲಿನ ಸದಸ್ಯ. ತಿಂಗಳ ಸುದ್ದಿಪತ್ರಕ್ಕೆ ಬ್ಯಾಂಡ್ ಸ್ಥಿತಿಯ ಅಂಕಣ ಬರೆಯುವ ಕೆಲಸ ನನ್ನದು. ಹಾಗಾಗಿ ಎಲ್ಲರ ಲಾಗ್‌ಗಳೂ ಕೊನೆಗೆ ನನ್ನ ಮೇಜಿಗೇ ಬಂದು ಬೀಳುತ್ತವೆ.

ನೆಟ್ ಹುಟ್ಟಿದ್ದು 2014ರಲ್ಲಿ. ಬೆಳಿಗ್ಗೆ 6 ಗಂಟೆ, 7.1 ಮೆಗಾಹರ್ಟ್ಸ್ ಆಸುಪಾಸು, ಎಸ್‌ಎಸ್‌ಬಿ ಅನ್ನುವ ಧ್ವನಿ ಪ್ರಸಾರದ ವಿಧಾನ. ಉದ್ದೇಶ ಸರಳ. ಏನಾದರೂ ಅನಾಹುತವಾಗಿ ಮೊಬೈಲ್ ಟವರ್‌ಗಳು ಮಲಗಿದರೆ ಸುತ್ತಲಿನ 300 ಕಿಲೋಮೀಟರ್ ಒಳಗಿನ ಸದಸ್ಯರು ಒಬ್ಬರಿಗೊಬ್ಬರು ಸಿಗಬೇಕು. ಅದಕ್ಕೆ ವಾರಕ್ಕೊಮ್ಮೆ ಅಭ್ಯಾಸ. 6 ಗಂಟೆ ಯಾಕೆ ಅಂದರೆ, ಅಷ್ಟು ಹೊತ್ತಿಗೆ ಬ್ಯಾಂಡ್‌ನಲ್ಲೂ ಗಲಾಟೆ ಕಮ್ಮಿ, ಮನೆಯಲ್ಲೂ ಕಮ್ಮಿ.

ಹೆಚ್ಚಿನವರ ಆಂಟೆನಾ ಒಂದೇ ತರಹದ್ದು. ಸುಮಾರು 20 ಮೀಟರ್ ತಂತಿಯ ಡೈಪೋಲ್, ನಡುಮಧ್ಯೆ ಒಂದು ಕಂಬಕ್ಕೆ ಕಟ್ಟಿ ಎರಡೂ ಬದಿ ಇಳಿಬಿಟ್ಟದ್ದು. ಇನ್ವರ್ಟೆಡ್ ವಿ ಅಂತೀವಲ್ಲ, ಅದೇ. ಎತ್ತರ 10 ಮೀಟರ್ ದಾಟುತ್ತಿರಲಿಲ್ಲ. ಇಷ್ಟು ತಗ್ಗಿನಲ್ಲಿ ಕಟ್ಟಿದ ತಂತಿ ಸಿಗ್ನಲ್‌ನ ಹೆಚ್ಚಿನ ಪಾಲನ್ನು ನೆತ್ತಿಯ ಕಡೆಗೇ ಎಸೆಯುತ್ತದೆ. ಅದು ಮೇಲೆ ಹೋಗಿ ಅಯಾನುಗೋಳಕ್ಕೆ, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರಗಳಿಗೆ, ತಾಗಿ, ಸುತ್ತಲಿನ ಕೆಲವು ನೂರು ಕಿಲೋಮೀಟರ್‌ಗೆ ಮಳೆಯಂತೆ ಇಳಿಯುತ್ತದೆ. ಹ್ಯಾಮ್‌ಗಳು ಇದನ್ನು ಎನ್‌ವಿಐಎಸ್ ಅನ್ನುತ್ತಾರೆ. ಬೆಟ್ಟ ಅಡ್ಡ ಬಂದರೂ ಚಿಂತೆಯಿಲ್ಲ, ಸಿಗ್ನಲ್ ಬರುವುದೇ ಮೇಲಿನಿಂದ. ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ಏರ್ಪಾಡು.

ಸೂರ್ಯನ ಚಟುವಟಿಕೆ ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ, ಅದೇ ಸೌರಚಕ್ರ. ನೆಟ್ ಹುಟ್ಟಿದ್ದು 24ನೇ ಸೌರಚಕ್ರದ ತುದಿಯ ಕಾಲದಲ್ಲಿ. 2014ರ ಏಪ್ರಿಲ್‌ನಲ್ಲೇ ಆ ಚಕ್ರ ಉತ್ತುಂಗ ಮುಟ್ಟಿತ್ತು. ಸೋಲಾರ್ ಫ್ಲಕ್ಸ್ ಅಂತ ಒಂದು ಸಂಖ್ಯೆ ಇದೆ. ಸೂರ್ಯನಿಂದ 10.7 ಸೆಂಟಿಮೀಟರ್ ತರಂಗದಲ್ಲಿ ಬರುವ ರೇಡಿಯೊ ಸದ್ದನ್ನು ಕೆನಡಾದ ಪೆಂಟಿಕ್ಟನ್‌ನಲ್ಲಿ ದಿನಾ ಅಳೆದು ಹೇಳುತ್ತಾರೆ. ಆ ವರ್ಷ ಅದು 150 ದಾಟಿದ ದಿನಗಳು ಬೇಕಾದಷ್ಟು. ನೆಟ್ ಕಟ್ಟಿದವರಲ್ಲಿ ಹೆಚ್ಚಿನವರು ಲೈಸೆನ್ಸ್ ಪಡೆದದ್ದೇ ಅದರ ಹಿಂದಿನ ಎರಡು ಮೂರು ವರ್ಷಗಳಲ್ಲಿ. ಸೂರ್ಯ ತಣ್ಣಗಾದಾಗ 40 ಮೀಟರ್ ಹೇಗಿರುತ್ತದೆ ಅಂತ ಕಿವಿಯಾರೆ ಕೇಳಿದವರು ಒಬ್ಬಿಬ್ಬರು ಹಿರಿಯರು ಮಾತ್ರ. ಅವರು ಮೋರ್ಸ್ ಕೀ ಹಿಡಿದು ಡಿಎಕ್ಸ್ (ಬಹಳ ದೂರದ ಸ್ಟೇಷನ್) ಹುಡುಕುವವರು, ನೆಟ್ ಕಡೆ ತಲೆ ಹಾಕುತ್ತಿದ್ದದ್ದು ಅಪರೂಪ.

ಮೂರು ವರ್ಷ ಎಲ್ಲ ಸಲೀಸಾಗಿ ನಡೆಯಿತು. 2017ರ ಚಳಿಗಾಲದಲ್ಲಿ ಅಲ್ಲೊಂದು ಇಲ್ಲೊಂದು ದೂರು ಬಂತು. 2018ರ ಮಧ್ಯದ ಹೊತ್ತಿಗೆ ಅದೇ ಮಾಮೂಲಾಯಿತು. 90 ಕಿಲೋಮೀಟರ್ ದೂರದ ಸದಸ್ಯರು ನೆಟ್ ಕಂಟ್ರೋಲ್‌ಗೆ, ಅಂದರೆ ನೆಟ್ ನಡೆಸುವವರಿಗೆ, ಕೇಳಿಸುತ್ತಿರಲಿಲ್ಲ. 140 ಕಿಲೋಮೀಟರ್‌ನವರೂ ಇಲ್ಲ. ಆದರೆ 650 ಕಿಲೋಮೀಟರ್ ಆಚೆಯಿಂದ ಅತಿಥಿಯಾಗಿ ಬರುತ್ತಿದ್ದವರು ಪಕ್ಕದ ಕೋಣೆಯಲ್ಲಿ ಕೂತು ಮಾತಾಡಿದಷ್ಟು ಸ್ಪಷ್ಟ, ಹ್ಯಾಮ್ ಭಾಷೆಯಲ್ಲಿ ಫೈವ್ ನೈನ್. ಅಂಥ ಅತಿಥಿಗಳ ಸಂಖ್ಯೆ ವಾರವಾರಕ್ಕೂ ಏರುತ್ತಿತ್ತು. ನಮ್ಮವರು ಬಿಟ್ಟ ಜಾಗವನ್ನು ಅವರು ತುಂಬುತ್ತಿದ್ದರು. ಒಟ್ಟು ಲೆಕ್ಕ ಹಾಗೇ ಉಳಿಯಿತು.

ಆಮೇಲೆ ಆಗಸ್ಟ್ 26 ಬಂತು. ಅವತ್ತು ಭಾನುವಾರ. ಅದರ ಹಿಂದಿನ ದಿನದಿಂದ ಭೂಕಾಂತೀಯ ಬಿರುಗಾಳಿ (ಸೂರ್ಯನಿಂದಾಗಿ ಭೂಮಿಯ ಕಾಂತಕ್ಷೇತ್ರದಲ್ಲಿ ಏಳುವ ಕಲಕು) ಎದ್ದಿತ್ತು. ಅದರ ಜೋರು ಹೇಳುವ ಕೆಪಿ ಸೂಚ್ಯಂಕ 7ಕ್ಕೆ ಹೋಗಿತ್ತು, ಅಂದರೆ ಐದು ದರ್ಜೆಗಳಲ್ಲಿ ಮೂರನೆಯದಾದ ಜಿ3. ಸೂರ್ಯ ಶಾಂತವಾಗಿದ್ದ ಕಾಲದಲ್ಲಿ ಇಷ್ಟು ಜೋರಿನ ಬಿರುಗಾಳಿಯನ್ನು ಯಾರೂ ಎದುರುನೋಡಿರಲಿಲ್ಲ. ನೆಟ್ ಪೂರ್ತಿ ಕುಸಿದುಬಿತ್ತು. ಕ್ಲಬ್ಬಿನಲ್ಲಿ ಎಲ್ಲರಿಗೂ ಒಂದು ರೀತಿಯ ಸಮಾಧಾನ. ಕಾರಣ ಸಿಕ್ಕಿತಲ್ಲ! ಸುದ್ದಿಪತ್ರದಲ್ಲೂ "ಸೌರ ಬಿರುಗಾಳಿಯ ಪರಿಣಾಮ" ಅಂತಲೇ ಅಚ್ಚಾಯಿತು. ಅವತ್ತಿನ ಮಟ್ಟಿಗೆ ಅದು ನಿಜವೂ ಹೌದು. ಆದರೆ ಕೆಪಿ ಅನ್ನುವುದು ಮೂರು ಗಂಟೆಗೊಮ್ಮೆ ಬದಲಾಗುವ ಸಂಖ್ಯೆ. ಬಿರುಗಾಳಿ ಕೆಲವು ದಿನದಲ್ಲಿ ಅಡಗಿತು, ಕೆಪಿ 1ಕ್ಕೂ 2ಕ್ಕೂ ಇಳಿಯಿತು. ಸೆಪ್ಟೆಂಬರ್ ಬಂತು, ಅಕ್ಟೋಬರ್ ಬಂತು. 90 ಕಿಲೋಮೀಟರ್‌ನವರು ಮಾತ್ರ ವಾಪಸ್ ಬರಲಿಲ್ಲ.

ಈಗ ಬೈಗುಳದ ಕಾಲ ಶುರು. ತಿಂಗಳ ಸಭೆಯಲ್ಲಿ ಅರ್ಧ ಹೊತ್ತು ಇದೇ ಮಾತು. ನೆಟ್ ಕಂಟ್ರೋಲ್ ನಡೆಸುತ್ತಿದ್ದವರು ತಾಳ್ಮೆಯ ಮನುಷ್ಯ. ಅವರ ಮೇಲೇ ಎಲ್ಲರ ಕಣ್ಣು. ಮೊದಲ ಗುಮಾನಿ ಬ್ಯಾಲನ್ ಮೇಲೆ, ಅಂದರೆ ಕೇಬಲನ್ನು ಆಂಟೆನಾಗೆ ಹೊಂದಿಸುವ ಬಿಡಿಭಾಗದ ಮೇಲೆ.

"ಓಎಂ, ನಿಮ್ಮ ಬ್ಯಾಲನ್ ಹೋಗಿರಬೇಕು. ಒಂದ್ಸಲ ಬದಲಾಯಿಸಿ ನೋಡಿ."

"ಬದಲಾಯಿಸಿದೆ ಸರ್. ಎಸ್‌ಡಬ್ಲ್ಯುಆರ್ 1.3 ಇದೆ. 650 ಕಿಲೋಮೀಟರ್‌ನವರು ನನಗೆ ಫೈವ್ ನೈನ್ ಕೊಡ್ತಿದಾರೆ. ಬ್ಯಾಲನ್ ಹೋಗಿದ್ರೆ ಅವರಿಗೆ ಹೇಗೆ ಕೇಳಿಸ್ತೀನಿ?"

ಎಸ್‌ಡಬ್ಲ್ಯುಆರ್ 1ಕ್ಕೆ ಹತ್ತಿರ ಇದ್ದರೆ ಆಂಟೆನಾ ಸರಿಯಾಗಿ ಹೊಂದಿದೆ ಅಂತ ಅರ್ಥ. ಹಾಗಾಗಿ ಈ ಪ್ರಶ್ನೆಗೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಆದರೂ ವಿಷಯ ಅಲ್ಲಿಗೆ ನಿಲ್ಲಲಿಲ್ಲ. ಒಬ್ಬರು ತಮ್ಮ ಡೈಪೋಲನ್ನು ಇನ್ನೂ ಮೇಲಕ್ಕೆ ಏರಿಸಿದರು. ದೂರದವರು ಇನ್ನೂ ಚೆನ್ನಾಗಿ ಕೇಳಿಸಿದರು, ಹತ್ತಿರದವರು ಇಲ್ಲವೇ ಇಲ್ಲ. ಇನ್ನೊಬ್ಬರು ಆಂಪ್ಲಿಫೈಯರ್ ತಂದು 100 ವ್ಯಾಟನ್ನು 400 ಮಾಡಿದರು. ಲೆಕ್ಕ ಹಾಕಿದರೆ ಅದು 6 ಡೆಸಿಬೆಲ್, ಅಂದರೆ ಸಿಗ್ನಲ್‌ನ ಬಲ ತೋರಿಸುವ ಎಸ್ ಮೀಟರ್‌ನಲ್ಲಿ ಒಂದೇ ಒಂದು ಮನೆ. ದುಡ್ಡು ಹೋಯಿತು, ಹತ್ತಿರದವರು ಬರಲಿಲ್ಲ.

ದಿಕ್ಕು ತಪ್ಪಿಸಿದ ಇನ್ನೊಂದು ಸಂಗತಿ ಇತ್ತು. ಹತ್ತಿರದ ಕೆಲವರು ಪೂರ್ತಿ ಮಾಯವಾಗಿರಲಿಲ್ಲ. ಡಬ್ಬಿಯೊಳಗಿಂದ ಮಾತಾಡಿದ ಹಾಗೆ, ತೆಳ್ಳಗೆ, ಅಲುಗಾಡುತ್ತಾ ಕೇಳಿಸುತ್ತಿದ್ದರು. ನೇರ ಬರುವ ಸಿಗ್ನಲ್ ಅಲ್ಲ ಅದು. ದೂರ ಹೋಗಿ ಬಿದ್ದ ಸಿಗ್ನಲ್ ಅಲ್ಲಿನ ನೆಲಕ್ಕೆ ತಾಗಿ ಚದುರಿ, ಸ್ವಲ್ಪ ಭಾಗ ಬಂದ ದಾರಿಯಲ್ಲೇ ಹಿಂದೆ ಬರುತ್ತದೆ. ಬ್ಯಾಕ್‌ಸ್ಕ್ಯಾಟರ್ ಅನ್ನುತ್ತಾರೆ. ಇದನ್ನು ಕೇಳಿದವರಿಗೆ "ಸಿಗ್ನಲ್ ಇದೆ, ಆದರೆ ಬಲ ಸಾಲದು" ಅನ್ನಿಸುವುದು ಸಹಜ. ಆಂಟೆನಾ ಮೇಲೆ, ಆಂಪ್ಲಿಫೈಯರ್ ಮೇಲೆ ಖರ್ಚು ಮಾಡಿಸಿದ್ದು ಇದೇ.

ಗಂಟು ಬಿಚ್ಚಿದ್ದು ಒಂದು ಚೌಕಳಿ ಹಾಳೆ. ಅಲ್ಲಿಯವರೆಗೆ ಲಾಗ್ ಇಡುತ್ತಿದ್ದದ್ದು ನೆಟ್ ಕಂಟ್ರೋಲ್ ಒಬ್ಬರೇ. ಅಂದರೆ ಅವರಿಗೆ ಕೇಳಿಸಿದವರ ಪಟ್ಟಿ ಮಾತ್ರ ನಮ್ಮ ಹತ್ತಿರ ಇತ್ತು. ಕೇಳಿಸದವರು ಪಟ್ಟಿಗೆ ಬರುವುದು ಹೇಗೆ? ನವೆಂಬರ್‌ನಿಂದ ಎಲ್ಲ ಸ್ಟೇಷನ್‌ಗಳೂ ತಮಗೆ ಯಾರು ಯಾರು ಎಷ್ಟು ಬಲದಲ್ಲಿ ಕೇಳಿಸಿದರು ಅಂತ ಬರೆದು ಕಳಿಸಬೇಕು ಅಂತ ಮಾಡಿಕೊಂಡೆವು. ಕೇಳಿಸದೆ ಇದ್ದರೆ ಅದನ್ನೂ ಬರೆಯಬೇಕು. ನಾನು ಎಲ್ಲವನ್ನೂ ಒಂದು ಹಾಳೆಯಲ್ಲಿ ಹಾಕಿದೆ. ಕಾಲ್‌ಸೈನ್ (ಸ್ಟೇಷನ್‌ನ ಗುರುತಿನ ಹೆಸರು) ಕ್ರಮದಲ್ಲಲ್ಲ, ಜೋಡಿಗಳ ನಡುವಿನ ದೂರದ ಕ್ರಮದಲ್ಲಿ.

ಹಾಗೆ ಜೋಡಿಸಿದ ಮೇಲೆ ವಿವರಣೆಯೇ ಬೇಕಾಗಲಿಲ್ಲ. 40 ಕಿಲೋಮೀಟರ್ ಒಳಗಿನ ಒಂದೆರಡು ಜೋಡಿಗಳು ನೆಲ ಹಿಡಿದು ಹೋಗುವ ಅಲೆಯಿಂದ ಕಷ್ಟಪಟ್ಟು ಕೇಳಿಸಿಕೊಂಡಿದ್ದರು. ಅಲ್ಲಿಂದ ಸುಮಾರು 600 ಕಿಲೋಮೀಟರ್ ವರೆಗೆ ಖಾಲಿ ಮನೆಗಳು. ಅದರಾಚೆ ಎಲ್ಲ ತುಂಬಿದ ಮನೆಗಳು. ಇದರಲ್ಲಿ ಯಾರ ಆಂಟೆನಾದ ತಪ್ಪೂ ಇರಲಿಲ್ಲ. ಒಂದೇ ಸ್ಟೇಷನ್ ಹತ್ತಿರದವರಿಗೆ ಸೊನ್ನೆ, ದೂರದವರಿಗೆ ಫೈವ್ ನೈನ್. ತಪ್ಪು ಸ್ಟೇಷನ್‌ನದ್ದಾಗಿದ್ದರೆ ಅದರ ಸಾಲು ಪೂರ್ತಿ ಖಾಲಿ ಇರಬೇಕಿತ್ತು, ಅಲ್ವಾ?

ಇದರ ಹಿಂದಿನ ಭೌತಶಾಸ್ತ್ರ ಹೊಸದಲ್ಲ. ನಮ್ಮ ಸಿಗ್ನಲ್ ಬಗ್ಗಿಸುವ ಎಫ್2 ಪದರ ಸುಮಾರು 300 ಕಿಲೋಮೀಟರ್ ಮೇಲಿದೆ. ಅಂಥ ಪದರ ಇದೆ ಅಂತ ಎಡ್ವರ್ಡ್ ಆಪಲ್ಟನ್ 1920ರ ದಶಕದಲ್ಲೇ ಅಳೆದು ತೋರಿಸಿದರು, 1947ರಲ್ಲಿ ಅವರಿಗೆ ನೊಬೆಲ್ ಬಂತು. ನೇರ ನೆತ್ತಿಗೆ ಕಳಿಸಿದ ಸಿಗ್ನಲ್ ವಾಪಸ್ ಬರುವುದಕ್ಕೆ ಒಂದು ಮಿತಿ ಇದೆ. ಆ ಮಿತಿಗೆ ಕ್ರಿಟಿಕಲ್ ಫ್ರೀಕ್ವೆನ್ಸಿ ಅಂತ ಹೆಸರು. ಅದಕ್ಕಿಂತ ಮೇಲಿನ ಫ್ರೀಕ್ವೆನ್ಸಿ ನೇರವಾಗಿ ಹೋದರೆ ಪದರವನ್ನು ತೂರಿಕೊಂಡು ಬಾಹ್ಯಾಕಾಶಕ್ಕೆ ಹೊರಟುಹೋಗುತ್ತದೆ. ಓರೆಯಾಗಿ ಹೋದರೆ ಮಾತ್ರ ಬಗ್ಗಿ ಕೆಳಗೆ ಬರುತ್ತದೆ. ಓರೆಯಾಗಿ ಹೋದದ್ದು ಇಳಿಯುವುದು ದೂರದಲ್ಲೇ. ನಡುವಿನ ಜಾಗ ಸ್ಕಿಪ್ ವಲಯ.

ಲೆಕ್ಕ ನೀವೇ ಹಾಕಿ ನೋಡಬಹುದು. ಭೂಮಿಯನ್ನು ಚಪ್ಪಟೆ ಅಂತ ಹಿಡಿದರೂ ಈ ದೂರಗಳಿಗೆ ಸಾಕು. ಪದರ 300 ಕಿಲೋಮೀಟರ್ ಎತ್ತರದಲ್ಲಿದೆ, ಕ್ರಿಟಿಕಲ್ ಫ್ರೀಕ್ವೆನ್ಸಿ 5 ಮೆಗಾಹರ್ಟ್ಸ್‌ಗೆ ಇಳಿದಿದೆ ಅನ್ನಿ. 7.1ರ ಸಿಗ್ನಲ್ ಬಗ್ಗಬೇಕಾದರೆ ಪದರಕ್ಕೆ ಸುಮಾರು 45 ಡಿಗ್ರಿ ಓರೆಯಲ್ಲಿ ತಾಗಬೇಕು. ಅಂದರೆ ಅದು ಇಳಿಯುವುದು ಸುಮಾರು 600 ಕಿಲೋಮೀಟರ್ ಆಚೆ. ನಮ್ಮ ಚೌಕಳಿ ಹಾಳೆಯ ಗೆರೆ ಬಿದ್ದಿದ್ದದ್ದು ಅಲ್ಲೇ. ಮಿತಿ 6 ಇದ್ದರೆ ಸ್ಕಿಪ್ ಸುಮಾರು 380 ಕಿಲೋಮೀಟರ್. 4ಕ್ಕೆ ಇಳಿದರೆ 880.

ಇದರಲ್ಲಿ ನನಗೆ ಬಹಳ ಸ್ವಾರಸ್ಯ ಅನ್ನಿಸಿದ್ದು ಅಂಚಿನ ಲೆಕ್ಕ. ಮಿತಿ 7.1ರಲ್ಲೇ ಇದ್ದರೆ ಸ್ಕಿಪ್ ಇಲ್ಲವೇ ಇಲ್ಲ, ಎಲ್ಲರೂ ಸಿಗುತ್ತಾರೆ. ಅದು ಬರೀ 6.8ಕ್ಕೆ ಇಳಿಯಲಿ, ಒಮ್ಮೆಗೇ ಸುತ್ತಲಿನ 180 ಕಿಲೋಮೀಟರ್ ವರೆಗೆ ಕತ್ತಲಾಗುತ್ತದೆ. 0.3 ಮೆಗಾಹರ್ಟ್ಸ್ ವ್ಯತ್ಯಾಸಕ್ಕೆ ಕ್ಲಬ್ಬಿನ ಅರ್ಧ ಸದಸ್ಯರು ಹೋದರು. ಅದಕ್ಕೇ ಈ ಕಾಯಿಲೆ ನಿಧಾನಕ್ಕೆ ಬರುವುದಿಲ್ಲ. ಒಂದು ವಾರ ಎಲ್ಲ ಸರಿ, ಮುಂದಿನ ವಾರ ಯಾರೂ ಇಲ್ಲ, ಅದರ ಮುಂದಿನ ವಾರ ಮತ್ತೆ ಇದ್ದಾರೆ. ಇಂಥ ಏರುಪೇರು ನೋಡಿದರೆ ಯಾರಿಗಾದರೂ ಸಡಿಲ ಕನೆಕ್ಟರ್ ನೆನಪಾಗುತ್ತದೆಯೇ ಹೊರತು ಸೂರ್ಯನಲ್ಲ.

ಮಿತಿ ಯಾಕೆ ಇಳಿಯಿತು? ಎರಡು ಕಾರಣ ಒಂದರ ಮೇಲೊಂದು ಬಿದ್ದವು. ಪದರವನ್ನು ಅಯಾನೀಕರಿಸುವುದು ಸೂರ್ಯನ ಅತಿನೇರಳೆ ಕಿರಣ. 2018ರಲ್ಲಿ ಸೋಲಾರ್ ಫ್ಲಕ್ಸ್ 70ರ ಆಸುಪಾಸಿನಲ್ಲೇ ತೆವಳುತ್ತಿತ್ತು. ವರ್ಷದ ಅರ್ಧಕ್ಕಿಂತ ಹೆಚ್ಚು ದಿನ ಸೂರ್ಯನ ಮೇಲೆ ಒಂದು ಕಲೆಯೂ ಇರಲಿಲ್ಲ. ಇದು ವರ್ಷಗಳ ಲೆಕ್ಕದ ಇಳಿತ. ಇನ್ನೊಂದು ದಿನದ ಇಳಿತ. ರಾತ್ರಿಯಿಡೀ ಬಿಸಿಲು ಕಾಣದೆ ಪದರ ಸವೆಯುತ್ತಾ ಹೋಗುತ್ತದೆ, ಅದು ತೀರಾ ತೆಳುವಾಗುವುದು ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ. ನಮ್ಮ ನೆಟ್ ಸರಿಯಾಗಿ ಆ ಹೊತ್ತಿಗೇ ಕೂತಿತ್ತು! ಬೇಸಿಗೆಯಲ್ಲಿ 6 ಗಂಟೆಗೆ ಬೆಳಕಾಗಿರುತ್ತದೆ, ಹೇಗೋ ನಡೆಯುತ್ತದೆ. ಚಳಿಗಾಲದಲ್ಲಿ ಆ ರಿಯಾಯಿತಿಯೂ ಇಲ್ಲ.

ಇದನ್ನು ಬಾಯಲ್ಲಿ ಹೇಳಿದರೆ ಸಭೆಯಲ್ಲಿ ಕೆಲವರು ಒಪ್ಪಲಿಲ್ಲ. ಡಿಸೆಂಬರ್‌ನ ಒಂದು ಭಾನುವಾರ ನೆಟ್ ಮುಗಿಸದೆ 8 ಗಂಟೆಯವರೆಗೂ ತೆರೆದಿಟ್ಟೆವು. ಸೂರ್ಯೋದಯ 6.50ಕ್ಕಿತ್ತು. ನೆಟ್ ಕಂಟ್ರೋಲ್ ಎರಡು ನಿಮಿಷಕ್ಕೊಮ್ಮೆ ಹೆಸರು ಹಿಡಿದು ಕರೆಯುವುದು, ಉತ್ತರ ಕೇಳಿಸಿದ ಕ್ಷಣ ಗಡಿಯಾರ ನೋಡಿ ಬರೆದುಕೊಳ್ಳುವುದು. 6 ಗಂಟೆಗೆ 650 ಮತ್ತು 900 ಕಿಲೋಮೀಟರ್‌ನವರು ಮಾತ್ರ. 6.35ಕ್ಕೆ 420 ಕಿಲೋಮೀಟರ್‌ನವರು ಎದ್ದರು. ಮೊದಲು ಬರೀ ಒಂದು ನಡುಕ, ಮಾತು ಅಂತ ಹೇಳುವ ಹಾಗೂ ಇಲ್ಲ. ಒಂದು ನಿಮಿಷದಲ್ಲಿ ಅರ್ಧ ಕಾಲ್‌ಸೈನ್. ಇನ್ನೊಂದು ನಿಮಿಷಕ್ಕೆ ಎಸ್ ಮೀಟರ್ ಮುಳ್ಳು 7ಕ್ಕೆ ಹೋಗಿ ನಿಂತಿತ್ತು. 6.52ಕ್ಕೆ 250 ಕಿಲೋಮೀಟರ್. 7.01ಕ್ಕೆ 140. ಅದನ್ನು ಬರೆದು ಮುಗಿಸುವಷ್ಟರಲ್ಲಿ, 7.04ಕ್ಕೆ, 90 ಕಿಲೋಮೀಟರ್‌ನವರು. "ಇಷ್ಟು ಹೊತ್ತು ಕರೀತಾನೇ ಇದೀನಿ ಸರ್, ಈಗ ಕೇಳಿಸ್ತಾ?" ಅಂತ ಅವರು ಕೇಳಿದ್ದು ಲಾಗ್‌ನಲ್ಲೂ ಇದೆ.

ದೂರದವರು ಮೊದಲು, ಹತ್ತಿರದವರು ಆಮೇಲೆ. ಕೊನೆಯ ಇಬ್ಬರು ಬಹುತೇಕ ಒಟ್ಟಿಗೇ. ಹಿಂದಿನ ಲೆಕ್ಕವನ್ನು ತಿರುಗಿಸಿ ಹಾಕಿದರೆ 6.35ಕ್ಕೆ ಮಿತಿ ಸುಮಾರು 5.8 ಮೆಗಾಹರ್ಟ್ಸ್ ಇತ್ತು, 7.04ಕ್ಕೆ 7.0 ಮುಟ್ಟಿತ್ತು. ಗಂಟೆಗೆ ಎರಡು ಮೆಗಾಹರ್ಟ್ಸ್‌ಗೂ ಜಾಸ್ತಿ ವೇಗ. ನೆಲದಲ್ಲಿ ಇನ್ನೂ ನಸುಕು ಇರುವಾಗಲೇ 300 ಕಿಲೋಮೀಟರ್ ಮೇಲೆ ಬಿಸಿಲು ಬಿದ್ದಿರುತ್ತದೆ, ಹಾಗಾಗಿ ಏರಿಕೆ ಸೂರ್ಯೋದಯಕ್ಕೆ ಮುಂಚೆಯೇ ಶುರು. ಅಯಾನೋಸಾಂಡ್ ಅನ್ನುವ ಉಪಕರಣ ಇದನ್ನೇ ದಿನವಿಡೀ ಅಳೆಯುತ್ತದೆ. ಬೇರೆ ಬೇರೆ ಫ್ರೀಕ್ವೆನ್ಸಿಯ ಪಲ್ಸ್‌ಗಳನ್ನು ನೆತ್ತಿಗೆ ಕಳಿಸಿ ಯಾವುದು ವಾಪಸ್ ಬಂತು ಅಂತ ನೋಡುತ್ತದೆ. ಅದರ ಚಿತ್ರಗಳು ಇಂಟರ್ನೆಟ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಆದರೆ ನಮ್ಮವರನ್ನು ಒಪ್ಪಿಸಿದ್ದು ಆ ಚಿತ್ರವಲ್ಲ, 7.04ರ ಆ ಧ್ವನಿ.

ಹಾಳೆಯಲ್ಲಿ ಒಂದೇ ಒಂದು ಸಾಲು ಈ ಲೆಕ್ಕಕ್ಕೆ ಒಗ್ಗಲಿಲ್ಲ. 250 ಕಿಲೋಮೀಟರ್ ದೂರದ ಒಬ್ಬ ಸದಸ್ಯರನ್ನು ದೂರದವರೆಲ್ಲ ಚೆನ್ನಾಗಿ ಕೇಳುತ್ತಿದ್ದರು, ಅವರಿಗೆ ಮಾತ್ರ ಯಾರೂ ಕೇಳಿಸುತ್ತಿರಲಿಲ್ಲ. ಅಯಾನುಗೋಳ ಹೀಗೆ ಒಂದೇ ಕಡೆ ಪಕ್ಷಪಾತ ಮಾಡುವುದು ಅಪರೂಪ. ಅವರ ಎಸ್ ಮೀಟರ್ ಸಿಗ್ನಲ್ ಇಲ್ಲದಾಗಲೂ 8ರಲ್ಲಿ ಕೂತಿರುತ್ತಿತ್ತು. ರಿಗ್ಗನ್ನು, ಅಂದರೆ ರೇಡಿಯೊ ಸೆಟ್ಟನ್ನು, ಬ್ಯಾಟರಿಗೆ ಹಾಕಿ ಮನೆಯ ಮೇನ್ ಸ್ವಿಚ್ ಆರಿಸಿ ಅಂದೆವು. ಮುಳ್ಳು ತಟ್ಟನೆ 3ಕ್ಕೆ ಬಿತ್ತು. ಆಮೇಲೆ ಒಂದೊಂದೇ ಎಂಸಿಬಿ ಹಾಕುತ್ತಾ ಬಂದರು. ರೇಡಿಯೊ ಸದ್ದು ಎಬ್ಬಿಸುತ್ತಿದ್ದದ್ದು ವೈ-ಫೈ ರೂಟರ್‌ನ ಸಣ್ಣ ಅಡಾಪ್ಟರ್. ಒಳ್ಳೆ ಅಡಾಪ್ಟರ್ ಹಾಕಿ, ಅದರ ತಂತಿಯನ್ನು ಆ ಸದ್ದು ತಡೆಯುವ 31 ಮಿಕ್ಸ್ ಫೆರೈಟ್ ರಿಂಗ್‌ಗೆ ಕೆಲವು ಸುತ್ತು ಸುತ್ತಿದ ಮೇಲೆ ಸರಿಯಾಯಿತು. ಎಲ್ಲದಕ್ಕೂ ಸೂರ್ಯನೇ ಕಾರಣ ಅಂತ ಹೇಳಿ ಕೈತೊಳೆದುಕೊಂಡಿದ್ದರೆ ಇವರು ಇವತ್ತಿಗೂ ಕಿವುಡಾಗೇ ಇರುತ್ತಿದ್ದರು.

ಪರಿಹಾರದ ವಿಷಯಕ್ಕೆ ಬಂದಾಗ ನಿಜವಾದ ಜಗಳ. ಸುಲಭದ ದಾರಿ ನೆಟ್ಟನ್ನು ಒಂದು ಒಂದೂವರೆ ಗಂಟೆ ಮುಂದಕ್ಕೆ ಹಾಕುವುದು. ಬಹಳ ಜನಕ್ಕೆ ಇದೇ ಬೇಕಿತ್ತು. ನನಗೆ ಇದು ಅರೆಬರೆ ಅನ್ನಿಸಿತು, ಈಗಲೂ ಹಾಗೇ ಅನ್ನಿಸುತ್ತದೆ. ನೆಟ್ ಚೆನ್ನಾಗಿ ನಡೆಯುವ ಹೊತ್ತು ನೋಡಿ ನೆಟ್ ನಡೆಸಿದರೆ ವರದಿ ಚೆನ್ನಾಗಿ ಕಾಣುತ್ತದೆ, ಅಷ್ಟೇ. ಅನಾಹುತ ಸೂರ್ಯೋದಯ ಆಗಲಿ ಅಂತ ಕಾಯುವುದಿಲ್ಲವಲ್ಲ. ನಸುಕಿನಲ್ಲಿ 90 ಕಿಲೋಮೀಟರ್ ದೂರಕ್ಕೆ ಮಾತಾಡಲು ಏನಿದೆ ಅನ್ನುವುದೇ ನಮ್ಮ ಪ್ರಶ್ನೆ ಆಗಬೇಕಿತ್ತು.

ಅದಕ್ಕೆ ಉತ್ತರ 80 ಮೀಟರ್ ಬ್ಯಾಂಡ್. 3.6 ಮೆಗಾಹರ್ಟ್ಸ್ ಆದರೆ ಮಿತಿ 5ಕ್ಕೆ, 4ಕ್ಕೆ ಇಳಿದರೂ ಸಿಗ್ನಲ್ ನೆತ್ತಿಯಿಂದ ವಾಪಸ್ ಬರುತ್ತದೆ. ಆದರೆ ಅಲ್ಲೂ ತಾಪತ್ರಯ ಇದೆ. ತಂತಿ ಎರಡರಷ್ಟು, ಸುಮಾರು 40 ಮೀಟರ್ ಬೇಕು. ಅಷ್ಟು ಜಾಗ ಎಲ್ಲರಿಗೂ ಎಲ್ಲಿದೆ? ಬೇಸಿಗೆಯಲ್ಲಿ ದೂರದ ಗುಡುಗು ಮಿಂಚಿನ ಗರಗರ ಸದ್ದು (ಕ್ಯೂಆರ್‌ಎನ್) ಕಿವಿ ಹರಿಯುತ್ತದೆ. ಹೊತ್ತೇರಿದ ಮೇಲೆ ಕೆಳಗಿನ ಡಿ ಪದರ ಸಿಗ್ನಲ್ ನುಂಗಲು ಶುರು ಮಾಡುತ್ತದೆ. ಆ ನುಂಗುವಿಕೆ ಫ್ರೀಕ್ವೆನ್ಸಿ ಅರ್ಧಕ್ಕಿಳಿದರೆ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ 3.6 ನಸುಕಿಗೆ, ರಾತ್ರಿಗೆ ಸರಿ, ಹಗಲಿಗೆ 7.1 ಬೇಕೇ ಬೇಕು.

ಜಾಗ ಇದ್ದವರು ಲಿಂಕ್ ಡೈಪೋಲ್ ಮಾಡಿಕೊಂಡರು. 40 ಮೀಟರ್ ಬ್ಯಾಂಡ್‌ನ ತಂತಿಯ ಎರಡು ತುದಿಗೂ ಇನ್ನೂ ಹತ್ತತ್ತು ಮೀಟರ್ ತಂತಿ, ನಡುವೆ ಕ್ಲಿಪ್. ಕ್ಲಿಪ್ ಹಾಕಿದರೆ 80, ತೆಗೆದರೆ 40. ಕತ್ತಲಲ್ಲಿ ತುದಿ ಇಳಿಸಿ ಕ್ಲಿಪ್ ಹುಡುಕುವುದು ಯಾರಿಗೂ ಇಷ್ಟವಿಲ್ಲದ ಕೆಲಸ. ಅದಕ್ಕೆ ಕೆಲವರು ಶನಿವಾರ ಸಂಜೆಯೇ ಹಾಕಿಟ್ಟು ಮಲಗುತ್ತಾರೆ. ಜಾಗ ಇಲ್ಲದವರು ಲೋಡಿಂಗ್ ಕಾಯಿಲ್ ಸೇರಿಸಿ ತಂತಿ ಗಿಡ್ಡ ಮಾಡಿದರು. ಸಿಗ್ನಲ್ ಸ್ವಲ್ಪ ಕಳೆದುಹೋಗುತ್ತದೆ, ಬ್ಯಾಂಡ್‌ವಿಡ್ತ್ ಕಿರಿದಾಗುತ್ತದೆ. ಆದರೂ ಸೊನ್ನೆಗಿಂತ ವಾಸಿ.

2019ರ ಜನವರಿಯಿಂದ ಪದ್ಧತಿ ಹೀಗಾಯಿತು. 6 ಗಂಟೆಗೆ 3.6ರಲ್ಲಿ ಹಾಜರಿ. ಸೂರ್ಯೋದಯವಾಗಿ ಅರ್ಧ ಗಂಟೆಗೆ ಎಲ್ಲರೂ 7.1ಕ್ಕೆ ಕ್ಯೂಎಸ್‌ವೈ, ಅಂದರೆ ಫ್ರೀಕ್ವೆನ್ಸಿ ಬದಲು. ಅಲ್ಲಿಯೂ ಹತ್ತಿರದವರು ಸಿಗದೆ ಇದ್ದರೆ 650 ಕಿಲೋಮೀಟರ್ ಆಚೆಯ ಅತಿಥಿಗಳು ರಿಲೇ ಮಾಡುವುದು. ಅವರಿಗೆ ನಮ್ಮ ಇಬ್ಬರ ಧ್ವನಿಯೂ ಕೇಳಿಸುತ್ತದೆ, ನಮಗೆ ಅವರ ಧ್ವನಿ ಕೇಳಿಸುತ್ತದೆ. ಬರೀ "ಗುಡ್ ಮಾರ್ನಿಂಗ್, ಸೆವೆಂಟಿ ತ್ರೀ" (ಹ್ಯಾಮ್‌ಗಳ ವಿದಾಯದ ಶುಭಾಶಯ) ಹೇಳಿ ಹೋಗುತ್ತಿದ್ದವರಿಗೆ ಈಗ ಕೈತುಂಬ ಕೆಲಸ. ಮೊದಲ ದಿನವೇ 3.6ರಲ್ಲಿ 90 ಮತ್ತು 140 ಕಿಲೋಮೀಟರ್‌ನವರು ಕೇಳಿಸಿದರು. ಸಿಗ್ನಲ್ ಜೋರೇನೂ ಇರಲಿಲ್ಲ, ಆದರೆ ಪ್ರತಿ ಪದ ಕೈಗೆ ಸಿಕ್ಕಿತು.

ಸುದ್ದಿಪತ್ರದ ಅಂಕಣವೂ ಬದಲಾಯಿತು. "ಬ್ಯಾಂಡ್ ಸ್ಥಿತಿ: ಸಾಧಾರಣ" ಅನ್ನುವುದನ್ನು ಕಿತ್ತುಹಾಕಿದೆ. ಯಾರಿಗೆ ಸಾಧಾರಣ? ಎಷ್ಟು ದೂರಕ್ಕೆ? ಎಷ್ಟು ಹೊತ್ತಿಗೆ? ಅದೇ ಬೆಳಿಗ್ಗೆ ಡಿಎಕ್ಸ್ ಹುಡುಕುವವರಿಗೆ ಬ್ಯಾಂಡ್ ಬಂಗಾರದಂತೆ ಇತ್ತು, ನಮಗೆ ಸತ್ತಿತ್ತು. ಈಗ ಬರೆಯುವುದು ಈ ರೀತಿ: "6.00ಕ್ಕೆ 7.1ರಲ್ಲಿ 600 ಕಿ.ಮೀ. ಒಳಗೆ ಯಾರೂ ಇಲ್ಲ, 3.6ರಲ್ಲಿ 300 ಕಿ.ಮೀ. ವರೆಗೆ ಎಲ್ಲರೂ, 7.05ರಿಂದ 7.1 ತೆರೆದಿದೆ." ಓದಲು ರುಚಿಯಿಲ್ಲ, ಉಪಯೋಗ ಇದೆ. ಕಾರ್ಯದರ್ಶಿಗಳ ವರದಿಯಲ್ಲೂ ಒಟ್ಟು ಚೆಕ್-ಇನ್ ಬದಲು 300 ಕಿಲೋಮೀಟರ್ ಒಳಗಿನವರ ಲೆಕ್ಕ ಬೇರೆ ಬರುತ್ತದೆ.

2019ರ ಡಿಸೆಂಬರ್‌ಗೆ ಹಳೆಯ ಚಕ್ರ ತಳ ಮುಟ್ಟಿತು, 25ನೇ ಚಕ್ರ ಶುರುವಾಯಿತು. 2022ರ ಹೊತ್ತಿಗೆ ಬೆಳಗಿನ 7.1 ಮತ್ತೆ ಹತ್ತಿರದವರಿಗೆ ತೆರೆದುಕೊಂಡಿತು. ಅದರ ಬೆನ್ನಿಗೇ "80 ಮೀಟರ್ ಯಾಕೆ ಇನ್ನು?" ಅನ್ನುವ ಮಾತು. ಕೆಲವರು ಉದ್ದದ ತಂತಿ ಇಳಿಸಿ ಸುತ್ತಿಟ್ಟರು. ಆಮೇಲೆ 2024ರ ಮೇ 10-11ರ ಬಿರುಗಾಳಿ ಬಂತು. ಕೆಪಿ 9, ಜಿ5 ದರ್ಜೆ. 2003ರ ಅಕ್ಟೋಬರ್ ನಂತರ ಆ ದರ್ಜೆಯದು ಅದೇ ಮೊದಲು. ಇಂಥ ಬಿರುಗಾಳಿ ಎದ್ದಾಗ ಕ್ರಿಟಿಕಲ್ ಫ್ರೀಕ್ವೆನ್ಸಿ ಒಂದೆರಡು ದಿನ ನೆಲಕಚ್ಚುವುದುಂಟು, ಸೌರಚಕ್ರ ತುದಿಯಲ್ಲಿದ್ದರೂ ಅಷ್ಟೇ. ಆ ಭಾನುವಾರ, ಮೇ 12ರಂದು, ನೆಟ್ ಕಂಟ್ರೋಲ್ 7.1ರಲ್ಲಿ ಎರಡು ಸಲ ಕರೆದು, ಹತ್ತಿರದವರಿಲ್ಲ ಅಂತ ಗೊತ್ತಾದ ಕೂಡಲೇ ಎಲ್ಲರನ್ನೂ 3.6ಕ್ಕೆ ಕರೆದುಕೊಂಡು ಹೋದರು. ಈ ಸಲ ಬ್ಯಾಲನ್ ಸುದ್ದಿ ಯಾರೂ ಎತ್ತಲಿಲ್ಲ. ತಂತಿ ಸುತ್ತಿಟ್ಟವರು ಮಾತ್ರ ಅವತ್ತು ಸಿಗಲಿಲ್ಲ.

25ನೇ ಚಕ್ರ 2024ರ ಅಕ್ಟೋಬರ್‌ನಲ್ಲಿ ತುದಿ ಮುಟ್ಟಿ ಈಗ ಇಳಿಜಾರಿನಲ್ಲಿದೆ. 11 ವರ್ಷದ ಸರಾಸರಿ ಹಿಡಿದರೆ ಮುಂದಿನ ತಳ 2030ರ ಆಚೀಚೆ. ಅದಕ್ಕೆ ಮುಂಚಿನ ಚಳಿಗಾಲಗಳಲ್ಲೇ ನಮ್ಮ ಹಳೆಯ ತೊಂದರೆ ವಾಪಸ್ ಬರಬೇಕು. ಅಷ್ಟರಲ್ಲಿ ಏನು ಮಾಡಬೇಕು ಅನ್ನುವುದು ಕ್ಲಬ್ಬಿನಲ್ಲಿ ಇನ್ನೂ ಪೂರ್ತಿ ತೀರ್ಮಾನವಾಗಿಲ್ಲ. ಒಂದು ಗುಂಪು 60 ಮೀಟರ್ ಬ್ಯಾಂಡ್ ಕಡೆ ನೋಡುತ್ತಿದೆ. 2015ರ ವಿಶ್ವ ರೇಡಿಯೊ ಸಮ್ಮೇಳನ 5351.5ರಿಂದ 5366.5 ಕಿಲೋಹರ್ಟ್ಸ್ ಪಟ್ಟಿಯನ್ನು ಹ್ಯಾಮ್‌ಗಳಿಗೂ ಬಿಟ್ಟುಕೊಟ್ಟಿತು. 3.6ಕ್ಕೂ 7.1ಕ್ಕೂ ನಡುವಿನದು, ಗುಡುಗಿನ ಸದ್ದೂ ಕಮ್ಮಿ, ತಂತಿಯೂ 27 ಮೀಟರ್ ಒಳಗೆ. ಆದರೆ ಇರುವುದೇ 15 ಕಿಲೋಹರ್ಟ್ಸ್ ಅಗಲ, ಹೆಚ್ಚಿನ ಕಡೆ ಬಲ 15 ವ್ಯಾಟ್ ಇಐಆರ್‌ಪಿ (ಆಂಟೆನಾದ ಲಾಭವನ್ನೂ ಸೇರಿಸಿದ ಲೆಕ್ಕ) ದಾಟುವಂತಿಲ್ಲ. ಅನುಮತಿ ಎಲ್ಲ ದೇಶದಲ್ಲೂ ಒಂದೇ ತೆರನಾಗಿಲ್ಲ. ಧ್ವನಿಯ ನೆಟ್‌ಗೆ ಇದು ಇಕ್ಕಟ್ಟು ಅನ್ನುವುದು ನನ್ನ ಅಭಿಪ್ರಾಯ. ಸಣ್ಣ ಡಿಜಿಟಲ್ ಸಂದೇಶಕ್ಕೆ ಸಾಕಾಗಬಹುದು.

ಇನ್ನೊಂದು ಗುಂಪು ಡಬ್ಲ್ಯುಎಸ್‌ಪಿಆರ್ ಬೀಕನ್‌ಗಳನ್ನು, ಅಂದರೆ ಸಿಗ್ನಲ್ ಎಲ್ಲಿಗೆ ಮುಟ್ಟುತ್ತದೆ ಅಂತ ತೋರಿಸುವ ಪುಟ್ಟ ಟ್ರಾನ್ಸ್‌ಮಿಟರ್‌ಗಳನ್ನು, ಇಡೋಣ ಅನ್ನುತ್ತಿದೆ. ಸುಮಾರು 200 ಮಿಲಿವ್ಯಾಟ್ ಸಾಕು. ಎರಡು ನಿಮಿಷದ ಸರದಿಗಳಲ್ಲಿ ತಾನಾಗಿ ಕೂಗುತ್ತದೆ, ಯಾರಿಗೆ ಕೇಳಿಸಿತು ಅನ್ನುವುದು ತಾನಾಗಿ ದಾಖಲಾಗುತ್ತದೆ. 90, 140, 250 ಕಿಲೋಮೀಟರ್‌ನಲ್ಲಿ ಒಂದೊಂದು ಇಟ್ಟರೆ ಚೌಕಳಿ ಹಾಳೆ ಭಾನುವಾರಕ್ಕೆ ಕಾಯಬೇಕಿಲ್ಲ, ದಿನವಿಡೀ ತುಂಬುತ್ತಿರುತ್ತದೆ. ಸ್ಕಿಪ್ ವಲಯ ಯಾವ ತಿಂಗಳಿಂದ ಹಿಗ್ಗಲು ಶುರುವಾಯಿತು ಅಂತ ದೂರು ಬರುವ ಮೊದಲೇ ಗೊತ್ತಾಗುತ್ತದೆ. ಇದಕ್ಕೆ ಯಾರೂ ಬೇಡ ಅಂದಿಲ್ಲ, ಬೀಕನ್ ಯಾರ ಮನೆಯಲ್ಲಿ ಇಡುವುದು ಅನ್ನುವಲ್ಲಿಗೆ ಬಂದು ನಿಂತಿದೆ.

ಸದ್ಯಕ್ಕೆ ಒಪ್ಪಿಕೊಂಡಿರುವುದು ಇಷ್ಟು. ಪ್ರತಿ ತಿಂಗಳ ಮೊದಲ ಭಾನುವಾರ 6 ಗಂಟೆಯ ಹಾಜರಿ 3.6ರಲ್ಲೇ ಆಗಬೇಕು, 7.1ರಲ್ಲಿ ಎಷ್ಟೇ ಚೆನ್ನಾಗಿ ಕೇಳಿಸುತ್ತಿದ್ದರೂ ಸರಿ.